ಕಾಲಿಟ್ಟು ತೆಗೆದ ಗ್ಲಾಸು

ಗ್ಲಾಸು ಅಂದರೆ ನಮಗೆ ಮೊದಲು ಗೊತ್ತಿದ್ದದ್ದು ಹೋಟ್ಲ ಗ್ಲಾಸು. ಊರ ಮುಂದಿನ ಹೋಟ್ಲಿನಲ್ಲಿ ಅದು ಎರಡು ಥರ ಇತ್ತು. ಒಳಗೆ ಬೆಂಚಿನ ಮೇಲೆ ಕೂತವರಿಗೆ ಒಂದು. ಹೊರಗೆ ಸೂರಿನ ಗರಿಗೆ ಸಿಕ್ಕಿಸಿಟ್ಟದ್ದು ನಮಗೆ. ನಾವೇ ತೆಗೆದುಕೊಂಡು, ನಾವೇ ತೊಳೆದು, ಕೈ ಚಾಚಿ ಹಿಡಿದರೆ ಮೇಲಿಂದ ಟೀ ಹುಯ್ಯುತ್ತಿದ್ದರು. ಕುಡಿದು ಮತ್ತೆ ತೊಳೆದು ಅದೇ ಸೂರಿಗೆ ಸಿಕ್ಕಿಸಬೇಕು. ಇದು ಅಪರಾಧ ಅಂತ 1955ರಲ್ಲೇ ಕಾಯ್ದೆ ಆಗಿತ್ತು ಅನ್ನೋದು ನಮಗೆ ಗೊತ್ತಾದದ್ದು ಬೆಂಗಳೂರಿಗೆ ಬಂದು ಸಂಘದವರ ಭಾಷಣ ಕೇಳಿದ ಮೇಲೆ. ಕಾಯ್ದೆ ನಮ್ಮೂರ ಹೋಟ್ಲಿಗೆ ಟೀ ಕುಡಿಯೋಕೆ ಬಂದಿರಲಿಲ್ಲ.

ಬೆಂಗಳೂರಿನಲ್ಲಿ ಇನ್ನೊಂದು ಗ್ಲಾಸು ಕೈಗೆ ಬಂತು. ಕಾರಿನ ಮುಂದಿನ ಗ್ಲಾಸು. ಇದನ್ನು ಮುಟ್ಟಬೇಡಿ ಅಂತ ಯಾರೂ ಅನ್ನಲಿಲ್ಲ. ಮುಟ್ಟಿ, ಬಿಚ್ಚಿ, ಎತ್ತಿ, ಇಳಿಸಿ, ಮತ್ತೆ ಕೂರಿಸಿ ಅಂತಲೇ ಅಂದರು. ಒಡೆದರೆ ಮಾತ್ರ ನಿಮ್ಮ ಕೂಲಿಯಲ್ಲಿ ಮುರಿದುಕೊಳ್ತೀವಿ ಅಂದರು.

ಎಷ್ಟೋ ಗ್ಲಾಸು ಬಿಚ್ಚಿದ್ದೇವೆ. ಫಿಯಟ್ಟು, ಅಂಬಾಸಡರು, ಲಾರಿ, ಬಸ್ಸು. ಲೆಕ್ಕ ಇಟ್ಟಿಲ್ಲ. ಒಂದು ಮಾತ್ರ ಮರೆತಿಲ್ಲ. ಅದು 2000ನೇ ಇಸವಿ ಏಪ್ರಿಲ್ ತಿಂಗಳದ್ದು. ಆಗ ನಾವು ವಿಲ್ಸನ್ ಗಾರ್ಡನ್ ಹತ್ತಿರದ ಒಂದು ಗಲ್ಲಿಯಲ್ಲಿ ತಗಡಿನ ಶೆಡ್ಡಿನೊಳಗೆ ನಾಲ್ಕು ಜನ ಕೆಲಸಕ್ಕಿದ್ದೆವು. ಮೂವರು ಕೋಲಾರ ಜಿಲ್ಲೆಯ ಕೇರಿಗಳವರು. ಮನೇಲಿ ತೆಲುಗು, ಬೀದೀಲಿ ಕನ್ನಡ. ಮೇಸ್ತ್ರಿ ಶಿವಾಜಿನಗರದ ಸಾಬರು. ಅವರನ್ನು ನಾವು ಭಾಯ್ ಅಂತಿದ್ದೆವು. ನಮ್ಮಲ್ಲಿ ಕಿರಿಯವನು ಚಿಂತಾಮಣಿ ಕಡೆಯ ಹುಡುಗ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದ. ಶೆಡ್ಡಿನಲ್ಲಿ ಪೇಪರು ಓದೋಕೆ ಬರುತ್ತಿದ್ದದ್ದು ಅವನೊಬ್ಬನಿಗೇ. ಆಮೇಲೆ ಅವನಿಂದಲೇ ನಾವೂ ಕಲಿತೆವು.

ಬಂದದ್ದು ಸ್ಪೋರ್ಟ್ಸ್ ಕಾರು. ಎಂಜಿಬಿ ಜಿಟಿ ಅಂತ. ಇಂಗ್ಲೆಂಡಿನ ಆಬಿಂಗ್ಡನ್ ಅನ್ನೋ ಊರಿನಲ್ಲಿ 1965ರಿಂದ 1980ರವರೆಗೆ ಮಾಡಿದ ಗಾಡಿ. ಎರಡೇ ಬಾಗಿಲು. ಮುಂದೆ ಇಬ್ಬರು ಕಾಲು ಚಾಚಿ ಕೂರಬಹುದು. ಹಿಂದೆ ಹೆಸರಿಗೊಂದು ಸೀಟು, ಅಲ್ಲಿ ಕೂತರೆ ಮೊಣಕಾಲು ಗದ್ದಕ್ಕೆ ಬರುತ್ತೆ. ‘ಇದರಲ್ಲಿ ಮನೆಮಂದಿ ಎಲ್ಲಿ ಕೂರ್ತಾರಣ್ಣ?’ ಅಂದ ಹುಡುಗ. ಮನೆಮಂದಿಗೆ ಅಂತ ಮಾಡಿದ ಗಾಡಿಯಲ್ಲ ಅದು. ಕೆಂಪು ಬಣ್ಣ ಬಿಸಿಲಿಗೆ ಬೆಳೆದು ಹಳೇ ಒಣಮೆಣಸಿನಕಾಯಿ ಥರ ಆಗಿತ್ತು. ಯಜಮಾನರಿಗೆ ಅದು ಕಡುಹಸಿರು ಆಗಬೇಕಿತ್ತು.

ಯಜಮಾನರು ಬಂದವರೇ ಗಾಡಿಯ ಸುತ್ತ ಒಂದು ಸುತ್ತು ಬಂದು, ನಮ್ಮ ಸುತ್ತ ಎರಡು ಸುತ್ತು ಬಂದರು. ‘ಯಾವ ಊರಪ್ಪ ನಿಮ್ಮದು? ಊರೊಳಗೋ, ಆಚೆಗೋ? ಅಪ್ಪನ ಹೆಸರೇನು?’ ಬಣ್ಣಕ್ಕೂ ಅಪ್ಪನ ಹೆಸರಿಗೂ ಏನು ಸಂಬಂಧ ಅಂತ ಈ ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ. ಹೆಸರು ಹೇಳಿದೆವು. ಅವರಿಗೆ ಬೇಕಾದದ್ದು ಸಿಕ್ಕಿತು.

‘ಗ್ಲಾಸು ಬಿಚ್ಚೋದು ಬೇಡ. ಸುತ್ತ ಟೇಪ್ ಹೊಡೆದು ಪೇಪರು ಮುಚ್ಚಿ ಪೇಂಟ್ ಹೊಡೀರಿ’ ಅಂದರು. ಶೆಡ್ಡಿನ ಓನರೂ ಹೂಂ ಅಂದರು. ಅವರ ಭಯ ನಮಗೂ ಅರ್ಥವಾಗುತ್ತೆ. ಆ ಗಾಡಿಯ ಗ್ಲಾಸು ಜೆ.ಸಿ. ರೋಡಿನಲ್ಲಿ ಇಲ್ಲ, ಶಿವಾಜಿನಗರದ ಗುಜರಿಯಲ್ಲೂ ಇಲ್ಲ. ಒಡೆದರೆ ಸಮುದ್ರ ದಾಟಿ ಬರಬೇಕು. ನಮ್ಮ ನಾಲ್ಕೂ ಜನರ ಕೂಲಿಯಲ್ಲಿ ಮುರಿದುಕೊಂಡರೂ ಎಷ್ಟು ತಿಂಗಳಿಗೆ ತೀರೀತೋ.

ಆದರೆ ಭಾಯ್ ಒಪ್ಪಲಿಲ್ಲ. ‘ಅದು ಹಾಗಾಗಲ್ಲ ಸಾರ್’ ಅಂದರು. ಯಾಕೆ ಆಗಲ್ಲ ಅನ್ನೋದು ಇಷ್ಟು. ಗ್ಲಾಸಿನ ಸುತ್ತ ರಬ್ಬರ್ ಇದೆ. ರಬ್ಬರಿಗೆ ಎರಡು ಗಾಡಿ. ಒಂದು ಗಾಡಿಯಲ್ಲಿ ಗ್ಲಾಸಿನ ಅಂಚು ಕೂತಿರುತ್ತೆ, ಇನ್ನೊಂದು ಬಾಡಿಯ ತಗಡಿನ ಅಂಚನ್ನು ಕಚ್ಚಿಕೊಂಡಿರುತ್ತೆ. ಆ ಕಚ್ಚಿಕೊಂಡ ತಗಡು ಹೊರಗೆ ಕಾಣಲ್ಲ. ಟೇಪ್ ಹೊಡೆದರೆ ಬಣ್ಣ ರಬ್ಬರಿನ ತುಟಿಯವರೆಗೆ ಬಂದು ನಿಂತುಬಿಡುತ್ತೆ. ಅಲ್ಲಿ ಒಂದು ಏಣು ಆಗುತ್ತೆ. ಮಳೆ ನೀರು, ತೊಳೆದ ನೀರು ಆ ಏಣಿನ ಅಡಿಗೆ ಇಳಿಯುತ್ತೆ. ಎರಡು ಮಳೆಗಾಲ ಕಳೆಯೋದರೊಳಗೆ ಬಣ್ಣ ಅಲ್ಲಿಂದಲೇ ಸುಲಿಯೋಕೆ ಶುರುವಾಗುತ್ತೆ. ಸಾಲದ್ದಕ್ಕೆ ಕೆಂಪು ಗಾಡಿಯನ್ನು ಹಸಿರು ಮಾಡಬೇಕು. ರಬ್ಬರ್ ಒಂದು ಕೂದಲೆಳೆ ಜರುಗಿದರೂ ಹಸಿರಿನ ಪಕ್ಕದಲ್ಲಿ ಕೆಂಪು ಗೆರೆ. ‘ಆಮೇಲೆ ಜನ ನಿಮ್ಮನ್ನ ಬೈಯಲ್ಲ ಸಾರ್, ಪೇಂಟ್ ಹೊಡೆದೋರನ್ನ ಬೈತಾರೆ’ ಅಂದರು ಭಾಯ್. ಅಂತೂ ಯಜಮಾನರು ಮನಸ್ಸಿಲ್ಲದೆ ಹೂಂ ಅಂದರು. ಹೊಸ ರಬ್ಬರನ್ನು ಇಂಗ್ಲೆಂಡಿನಲ್ಲಿದ್ದ ನೆಂಟರಿಂದ ತರಿಸಿಕೊಟ್ಟರು. ಗ್ಲಾಸು ಬಿಚ್ಚುವ ದಿನ ತಾವೇ ಬಂದು ನಿಲ್ಲುತ್ತೇನೆ ಅಂದರು.

ಮೊದಲು ವೈಪರಿನ ಕೈಗಳನ್ನು ಬಿಚ್ಚಿದೆವು. ಆಮೇಲೆ ಹೊಳೆಯೋ ಪಟ್ಟಿ. ರಬ್ಬರಿನ ಮೇಲ್ಮೈಯಲ್ಲಿ ಒಂದು ಸೀಳು ಇರುತ್ತೆ, ಅದರೊಳಗೆ ಈ ಪಟ್ಟಿ ಸಿಕ್ಕಿಸಿರುತ್ತಾರೆ. ಬರೀ ಅಂದಕ್ಕೆ ಅಂದುಕೊಳ್ಳಬೇಡಿ, ಕೆಲವು ಗಾಡಿಗಳಲ್ಲಿ ಅದು ರಬ್ಬರನ್ನು ಬಿಗಿಯಾಗಿ ಹಿಡಿದೂ ಇರುತ್ತೆ. ಇದನ್ನು ತೆಗೆಯೋದರಲ್ಲೇ ಅರ್ಧ ಗ್ಯಾರೇಜಿನವರು ಸೋಲೋದು. ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಿಬಿಡ್ತಾರೆ. ಪಟ್ಟಿ ಅಲ್ಲೇ ಮಡಚಿಕೊಳ್ಳುತ್ತೆ. ಒಂದು ಸಲ ಮಡಚಿದ ಪಟ್ಟಿಯನ್ನು ಎಷ್ಟು ತಟ್ಟಿದರೂ ಬಿಸಿಲಿನಲ್ಲಿ ಆ ಮಡಿಕೆ ಕಾಣುತ್ತೆ. ನಾವು ಬಿಸಿ ಸೋಪಿನ ನೀರು ಹುಯ್ದು ರಬ್ಬರನ್ನು ನೆನೆಸಿದೆವು. ಸೀಮೆಎಣ್ಣೆ ಹಾಕಬಾರದು, ರಬ್ಬರ್ ಉಬ್ಬಿ ಕೊಳೆಯುತ್ತೆ. ಪಟ್ಟಿಯ ಎರಡು ತುಂಡು ಸೇರುವ ಕಡೆ ಒಂದು ಸಣ್ಣ ಕ್ಲಿಪ್ಪು ಇತ್ತು. ಅದನ್ನು ಪಕ್ಕಕ್ಕೆ ಜರುಗಿಸಿ ಅಲ್ಲಿಂದ ಶುರುಮಾಡಿದೆವು. ಬಿದಿರಿನ ಸೀಳನ್ನು ಮೊಂಡಾಗಿ ಕೆತ್ತಿಕೊಂಡು, ಬೆರಳಗಲ ಬೆರಳಗಲ ಎಬ್ಬಿಸುತ್ತಾ ಹೋದೆವು. ಒಬ್ಬ ಎಬ್ಬಿಸಬೇಕು, ಇನ್ನೊಬ್ಬ ಪಟ್ಟಿಯ ಭಾರ ಹಿಡಿದುಕೊಂಡು ಅದರ ಜೊತೆಗೇ ಬಗ್ಗಬೇಕು. ಮೂಲೆ ತಿರುಗುವ ಕಡೆ ಉಸಿರೂ ಬಿಡಬಾರದು. ಬೆಳಿಗ್ಗೆ ಹತ್ತಕ್ಕೆ ಹಿಡಿದದ್ದು ಊಟದ ಹೊತ್ತಿಗೆ ಮುಗಿಯಿತು. ಪಟ್ಟಿಗಳನ್ನು ಹಳೇ ಪಂಚೆಯಲ್ಲಿ ಸುತ್ತಿ ಸೂರಿನ ತೊಲೆ ಮೇಲೆ ಇಟ್ಟೆವು.

ಆಮೇಲೆ ರಬ್ಬರು. ಒಣಗಿ ಕಲ್ಲಾಗಿತ್ತು. ಹೊಸದು ಬಂದಿತ್ತಲ್ಲ, ಇದನ್ನು ಕೊಯ್ಯಬಹುದಿತ್ತು. ಬ್ಲೇಡು ಎರಡು ಗೇಣು ಹೋಗೋದರೊಳಗೆ ಮುರಿಯಿತು. ನಮ್ಮಲ್ಲೊಬ್ಬನ ಅಪ್ಪ ಊರಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಚರ್ಮ ಕೊಯ್ಯುವ ರಂಪಿಗೆಯನ್ನು ಇವನು ತಂದಿಟ್ಟುಕೊಂಡಿದ್ದ. ಯಾಕೆ ತಂದೆಯೋ ಅಂದರೆ ಸುಮ್ಮನೆ ಅಂತಿದ್ದ. ಅವತ್ತು ಅದನ್ನು ಡಬ್ಬಿಯಿಂದ ತೆಗೆದು ಕಲ್ಲಿನ ಮೇಲೆ ನಾಲ್ಕು ಸಲ ಮಸೆದು, ರಬ್ಬರಿನ ಹೊರತುಟಿಗೆ ಮಲಗಿಸಿ ಎಳೆದ. ಎಮ್ಮೆ ಚರ್ಮ ಕೊಯ್ದ ಹತಾರಕ್ಕೆ ಇಂಗ್ಲೆಂಡಿನ ರಬ್ಬರು ಯಾವ ಲೆಕ್ಕ? ಉದ್ದಕ್ಕೂ ಸುರುಳಿ ಸುರುಳಿಯಾಗಿ ಬಿತ್ತು. ಗ್ಲಾಸಿನ ಮೇಲೆ ಒಂದು ಗೀರು ಇಲ್ಲ. ಭಾಯ್ ಆ ರಂಪಿಗೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

ಇನ್ನು ಗ್ಲಾಸು. ಹೊರತುಟಿ ಹೋದರೂ ಅಡಿಯಲ್ಲಿ ಹಾಕಿದ್ದ ಕರಿ ಅಂಟು ಹಿಡಿದುಕೊಂಡಿತ್ತು. ಒಳಗಿಂದ ತಳ್ಳಬೇಕು. ಕೈಯಲ್ಲಿ ತಳ್ಳಿದರೆ ಭಾರ ಒಂದೇ ಕಡೆ ಬಿದ್ದು ಗ್ಲಾಸು ಸೀಳುತ್ತೆ. ಅದಕ್ಕೆ ಕಾಲು. ಸೀಟಿನಲ್ಲಿ ಬೆನ್ನು ಒರಗಿಸಿ ಕೂತು, ಬರಿಗಾಲಿನ ಅಂಗಾಲನ್ನು ಗ್ಲಾಸಿನ ಮೇಲಿನ ಮೂಲೆಗಳ ಹತ್ತಿರ ಅಗಲವಾಗಿ ಇಟ್ಟು, ಇಬ್ಬರೂ ಒಂದೇ ಹದದಲ್ಲಿ ಒತ್ತಬೇಕು. ಒದೆಯೋದಲ್ಲ, ಒತ್ತೋದು. ಹೊರಗೆ ಇಬ್ಬರು ಟವೆಲು ಹಿಡಿದು ನಿಂತಿರಬೇಕು. ಎಲ್ಲಾ ದೇಶದ ಹಳೇ ಮೆಕ್ಯಾನಿಕ್ಕುಗಳೂ ಹೀಗೇ ಮಾಡೋದು.

ನಾವಿಬ್ಬರು ಚಪ್ಪಲಿ ಬಿಟ್ಟು, ಅಂಗಾಲು ತೊಳೆದು ಒರೆಸಿಕೊಂಡು ಒಳಗೆ ಕೂತೆವು. ಕಾಲು ಎತ್ತಿದೆವು.

‘ಏಯ್ ಏಯ್! ದೇವರಿರೋ ಗ್ಲಾಸಿಗೆ ಕಾಲಿಡ್ತೀರಾ?’

ಗ್ಲಾಸಿನ ನಡುವೆ ಮೇಲುಗಡೆ ಒಂದು ದೇವರ ಸ್ಟಿಕ್ಕರು ಅಂಟಿಸಿತ್ತು. ಪಕ್ಕದಲ್ಲಿ ಒಣಗಿದ ಕುಂಕುಮ. ನಮ್ಮ ಕಾಲು ಅದಕ್ಕೆ ಒಂದು ಮೊಳ ದೂರದಲ್ಲಿತ್ತು. ದೂರ ಎಷ್ಟು ಅನ್ನೋದಲ್ಲ ಮಾತು, ಯಾರ ಕಾಲು ಅನ್ನೋದು. ವಿರಾಟ್ ಪುರುಷನ ಕಾಲಿನಿಂದ ಶೂದ್ರರು ಹುಟ್ಟಿದರು ಅಂತ ಪುಸ್ತಕದಲ್ಲಿದೆಯಂತೆ. ನಮಗೆ ಆ ಕಾಲಿನಲ್ಲೂ ಜಾಗ ಸಿಕ್ಕಿಲ್ಲ. ಆದರೆ ನಮಗೆ ನಮ್ಮ ಕಾಲಿತ್ತು, ಆ ಕಾಲಿಲ್ಲದೆ ಆ ಗ್ಲಾಸು ಬರುತ್ತಿರಲಿಲ್ಲ. ಭಾಯ್ ಸಮಾಧಾನವಾಗಿ, ‘ದೇವರನ್ನ ಮೊದಲು ಇಳಿಸಿಬಿಡೋಣ ಸಾರ್’ ಅಂದರು.

ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ, ಒಂದು ಮೂಲೆಯೂ ಹರಿಯದ ಹಾಗೆ ಹುಡುಗ ಆ ಸ್ಟಿಕ್ಕರನ್ನು ಬಿಡಿಸಿದ. ಅಂಗೈ ಮೇಲೆ ಇಟ್ಟುಕೊಂಡು ಇಳಿದು ಹೋಗಿ ಯಜಮಾನರ ಮುಂದೆ ಹಿಡಿದ. ಅವರು ಕೈ ಚಾಚಲಿಲ್ಲ. ಬಾನೆಟ್ಟಿಗೆ ಹೊದಿಸಿದ್ದ ಕಂಬಳಿ ತೋರಿಸಿ ‘ಅಲ್ಲಿಡು’ ಅಂದರು. ಅವನು ಇಟ್ಟ. ಅವನು ಎರಡು ಹೆಜ್ಜೆ ಹಿಂದೆ ಸರಿದ ಮೇಲೆ ಅವರು ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟರು.

ಸೂರಿಗೆ ಸಿಕ್ಕಿಸಿದ್ದ ಗ್ಲಾಸು ನೆನಪಾಯಿತು. ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಕಾಲೆತ್ತಿ ಒತ್ತಿದೆವು. ಅಂಟು ಕಿರ್ರ್ ಅಂತ ಬಿಟ್ಟುಕೊಂಡಿತು. ಗ್ಲಾಸು ಮೇಲಿನ ಅಂಚಿನಿಂದ ಮುಂದಕ್ಕೆ ಬಾಗಿ ಭಾಯ್ ಕೈಗೆ ಬಂತು. ಒಂದು ಕೂದಲೆಳೆ ಸೀಳಿಲ್ಲ. ಗೋಣಿಚೀಲ ಹಾಸಿ ಗೋಡೆಗೆ ನಿಲ್ಲಿಸಿದೆವು.

ಈ ಗ್ಲಾಸಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ಕಿನ ಪೊರೆ ಇಟ್ಟು ಮಾಡಿದ ಗ್ಲಾಸು ಒಡೆದರೂ ಚೂರುಗಳು ಪೊರೆಗೆ ಅಂಟಿಕೊಂಡೇ ಇರುತ್ತವೆ, ಮುಖಕ್ಕೆ ಎರಚಲ್ಲ. ಇದನ್ನು ಕಂಡುಹಿಡಿದದ್ದು ಫ್ರಾನ್ಸಿನ ರಸಾಯನಶಾಸ್ತ್ರದವನು ಎಡ್ವಾರ್ ಬೆನೆಡಿಕ್ಟಸ್. 1903ರಲ್ಲಿ ಅವನ ಗಾಜಿನ ಬುರುಡೆಯೊಂದು ಕೆಳಗೆ ಬಿದ್ದು, ಒಡೆದರೂ ಚೆದುರಲಿಲ್ಲವಂತೆ. ಒಳಗೆ ಸೆಲ್ಯುಲೋಸ್ ನೈಟ್ರೇಟ್ ಒಣಗಿ ಪೊರೆ ಕಟ್ಟಿತ್ತು. 1909ರಲ್ಲಿ ಪೇಟೆಂಟ್ ತೆಗೆದುಕೊಂಡ. ಅದೇ ಸೆಲ್ಯುಲೋಸ್ ನೈಟ್ರೇಟಿನಿಂದಲೇ 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್‌ನವರು ಡ್ಯೂಕೋ ಅನ್ನೋ ಕಾರಿನ ಬಣ್ಣ ಮಾಡಿದರು. ನಾವು ಆ ಹೊತ್ತು ಹೊಡೆಯುತ್ತಿದ್ದ ಎನ್‌ಸಿ ಪೇಂಟೂ ಅದೇ ಜಾತಿಯದು. ಕಾರಿನಲ್ಲಿ ಕೂತವರ ಮುಖ ಉಳಿಸಿದ ವಸ್ತುವನ್ನೇ ನಾವು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಕುಡಿಯುತ್ತಿದ್ದೆವು.

ಗ್ಲಾಸು ಹೋದ ಮೇಲೆ ತಗಡಿನ ಅಂಚು ಕಂಡಿತು. ಭಾಯ್ ಅಂದದ್ದು ನಿಜವಾಗಿತ್ತು. ಅಷ್ಟೇ ಅಲ್ಲ, ಅದಕ್ಕಿಂತ ಕೆಟ್ಟದಿತ್ತು. ಕೆಳಗಿನ ಎರಡು ಮೂಲೆಯಲ್ಲೂ ತುಕ್ಕು ತಿಂದು ಬೆರಳು ತೂರುವಷ್ಟು ತೂತು. ಹಿಂದೆ ಯಾರೋ ಅದಕ್ಕೆ ಕಾಗದ ತುರುಕಿ, ಮೇಲೆ ಪುಟ್ಟಿ ಬಳಿದು, ಕೆಂಪು ಹೊಡೆದು, ರಬ್ಬರ್ ಮುಚ್ಚಿದ್ದರು. ಬಿದಿರಿನ ಸೀಳು ತಾಕಿಸಿದರೆ ಪುಟ್ಟಿ ಹಪ್ಪಳದ ಥರ ಉದುರಿತು.

‘ಮತ್ತೆ ಪುಟ್ಟಿ ಹಾಕಿ. ಯಾರಿಗೆ ಕಾಣುತ್ತೆ? ರಬ್ಬರ್ ಮುಚ್ಚಿಕೊಳ್ಳುತ್ತೆ’ ಅಂದರು ಯಜಮಾನರು. ಆ ಕೆಲಸಕ್ಕೆ ಬೇರೆ ದುಡ್ಡಿಲ್ಲ ಅಂದರು. ಓನರು ನಮ್ಮ ಮುಖ ನೋಡಿದರು.

ಇಲ್ಲಿ ನಾವು ಮಾಡಿದ್ದನ್ನು ಬರೆಯೋಕೆ ಸ್ವಲ್ಪ ನಾಚಿಕೆ. ಮೂರು ರಾತ್ರಿ, ಕೆಲಸದ ಹೊತ್ತು ಮುಗಿದ ಮೇಲೆ, ತುಕ್ಕು ಹಿಡಿದದ್ದನ್ನು ಕೊಯ್ದು ತೆಗೆದು, ಹೊಸ ತಗಡು ಬಡಿದು, ಆ ಮೂಲೆಯ ಬಳುಕಿಗೆ ಹೊಂದಿಸಿ, ಗ್ಯಾಸ್ ವೆಲ್ಡಿಂಗ್ ಮಾಡಿ, ಅರದಿಂದ ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿದೆವು. ಒಂದು ಪೈಸೆ ಬರಲಿಲ್ಲ. ಆ ತುಕ್ಕಿನ ಮೇಲೆ ಬಣ್ಣ ಹೊಡೆಯೋಕೆ ಭಾಯಿಗೆ ಕೈ ಬರಲಿಲ್ಲ, ನಮಗೂ ಬರಲಿಲ್ಲ. ನಮ್ಮ ಅಜ್ಜಂದಿರು ಗೌಡರ ಹೊಲದಲ್ಲಿ ಬಿಟ್ಟಿ ಚಾಕರಿ ಮಾಡಿದರು ಅಂತ ಹಾಡು ಹೇಳಿಕೊಂಡು ಮೆರವಣಿಗೆ ಹೋಗುವ ನಾವು, ಒಂದು ಸ್ಪೋರ್ಟ್ಸ್ ಕಾರಿಗೆ ಮೂರು ರಾತ್ರಿ ಬಿಟ್ಟಿ ದುಡಿದೆವು. ಸಂಘದ ಗೆಳೆಯರೊಬ್ಬರು ಕೇಳಿ ರೇಗಿದರು, ‘ನಿಮ್ಮ ಕಸುಬಿನ ಹೆಮ್ಮೆಯನ್ನೇ ಅವರು ಹಗ್ಗ ಮಾಡಿ ನಿಮ್ಮನ್ನ ಕಟ್ಟಿದಾರೆ’ ಅಂತ. ಅವರ ಮಾತು ತಪ್ಪಲ್ಲ. ಆದರೆ ತೂತಿಗೆ ಕಾಗದ ತುರುಕಿದ್ದರೆ ನಮಗೆ ನಿದ್ದೆ ಬರುತ್ತಿರಲಿಲ್ಲ ಅನ್ನೋದೂ ಸುಳ್ಳಲ್ಲ. ಈ ಜಗಳ ನಮ್ಮೊಳಗೆ ಇವತ್ತಿಗೂ ತೀರಿಲ್ಲ.

ಏಪ್ರಿಲ್ 14ಕ್ಕೆ ಶೆಡ್ಡಿಗೆ ಬೀಗ ಹಾಕಿ ಅಂಬೇಡ್ಕರ್ ಜಯಂತಿಗೆ ಹೋದೆವು. ಯಜಮಾನರು ಫೋನು ಮಾಡಿದ್ದರಂತೆ. ಮಾಡಿಕೊಳ್ಳಲಿ.

ಮಾರನೆ ದಿನ ಪೇಪರು ಮುಚ್ಚುವ ಕೆಲಸ. ಗ್ಲಾಸು ಇದ್ದ ಜಾಗ ಈಗ ಬರೀ ಬಾಯಿ. ಒಳಗಿನ ಸೀಟಿಗೆ, ಸ್ಟೀರಿಂಗಿಗೆ ಬಣ್ಣ ಹಾರಬಾರದು. ಒಳಗಿನಿಂದ ಅಂಚು ಬಿಟ್ಟು ಟೇಪ್ ಹಚ್ಚಿ ಆ ಬಾಯಿಗೆ ಪೇಪರು ಕಟ್ಟಬೇಕು. ಪೇಪರು ಅಂದರೆ ಕೆಜಿ ಲೆಕ್ಕದಲ್ಲಿ ತರುವ ಹಳೇ ರದ್ದಿ, ಹಿಂದಿನ ತಿಂಗಳಿನದು. ಹುಡುಗ ಹಾಳೆ ಬಿಡಿಸಿ ಬಿಡಿಸಿ ಕೊಡುತ್ತಿದ್ದ. ಒಂದು ಹಾಳೆ ಕೊಡಲಿಲ್ಲ. ಹಿಡಿದುಕೊಂಡು ನಿಂತುಬಿಟ್ಟ.

ಕಂಬಾಲಪಲ್ಲಿ. ಅವನ ತಾಲ್ಲೂಕು, ಚಿಂತಾಮಣಿ. 2000ದ ಮಾರ್ಚ್ 11ರಂದು ಅಲ್ಲಿ ದಲಿತರ ಮನೆಗಳಿಗೆ ಬೆಂಕಿ ಇಟ್ಟು ಏಳು ಜನರನ್ನು ಸುಟ್ಟು ಕೊಂದಿದ್ದರು. ಸುದ್ದಿ ನಮಗೆ ಗೊತ್ತಿಲ್ಲದ್ದಲ್ಲ. ಮಾರ್ಚಿಯಲ್ಲೇ ಗೊತ್ತಾಗಿತ್ತು, ಹುಡುಗ ಊರಿಗೆ ಹೋಗಿಯೂ ಬಂದಿದ್ದ. ಬಂದವನು ಏನೂ ಹೇಳಿರಲಿಲ್ಲ. ಈಗ ಹಾಳೆ ಕೈಗೆ ಬಂದಾಗ ಮೊದಲ ಸಲ ನಮಗೆ ಗಟ್ಟಿಯಾಗಿ ಓದಿ ಹೇಳಿದ. ಓದೋಕೆ ಕಲಿಸಿದ ಸ್ಕೂಲು ಮೇಷ್ಟ್ರು ಕಲಿಸಿದ ಹಾಗೇ, ತಡವರಿಸದೆ, ಒಂದೊಂದು ಸಾಲೂ. ಕಂಪ್ರೆಸರ್ ನಿಲ್ಲಿಸಿದ್ದೆವು. ಓದಿ ಮುಗಿಸಿ ಆ ಹಾಳೆಯನ್ನೇ ಗ್ಲಾಸಿದ್ದ ಜಾಗಕ್ಕೆ ಇಟ್ಟು ಟೇಪ್ ಹೊಡೆದ. ಬೇಡ ಕಣೋ, ಬೇರೆ ಹಾಕು ಅಂದೆವು. ‘ಇರಲಿ ಅಣ್ಣ, ನೋಡಿಕೊಂಡೇ ಹೊಡೆಯೋಣ’ ಅಂದ.

ನೋಡಿಕೊಂಡೇ ಹೊಡೆದೆವು. ಮೊದಲು ಪ್ರೈಮರು. ಆಮೇಲೆ ನೀರು ಹಾಕಿಕೊಂಡು ವಾಟರ್ ಪೇಪರಿನಲ್ಲಿ ಉಜ್ಜೋದು, 220, ಆಮೇಲೆ 400, ಆಮೇಲೆ 600. ಉಜ್ಜುವಾಗ ಮುಚ್ಚಿದ ಹಾಳೆಗಳು ನೆನೆಯುತ್ತವೆ, ಬದಲಾಯಿಸಬೇಕು. ಅದೊಂದನ್ನು ಹುಡುಗ ಪ್ರತಿಸಲ ಬಿಚ್ಚಿ, ಒಣಗಿಸಿ, ಮತ್ತೆ ಹಾಕಿದ. ಉಜ್ಜಿ ಉಜ್ಜಿ ನಮ್ಮ ಬೆರಳ ತುದಿಯಲ್ಲಿ ಗೆರೆಗಳೇ ಇಲ್ಲ. ಈಗ ರೇಷನ್ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ಅದು ನಮ್ಮನ್ನು ನಾವಲ್ಲ ಅನ್ನುತ್ತೆ. ಈಗಿನ ಎರಡು ಡಬ್ಬಿಯ ಪೇಂಟು ಇನ್ನೂ ಕೆಟ್ಟದು. ಅದರ ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತೆ. 1984ರಲ್ಲಿ ಭೋಪಾಲಿನಲ್ಲಿ ಜನರನ್ನು ಕೊಂದ ಅನಿಲವೂ ಅದೇ ವಂಶದ್ದು. ಇದು ಅಷ್ಟು ವಿಷ ಅಲ್ಲ, ಆದರೆ ಉಸಿರಾಟದ ಕಾಯಿಲೆ ತರುತ್ತೆ, ಒಂದು ಸಲ ಹಿಡಿದರೆ ಬಿಡಲ್ಲ. ಕರ್ಚೀಫು ಅದನ್ನು ತಡೆಯಲ್ಲ. ಹೊರಗಿನ ಗಾಳಿ ತರುವ ಮಾಸ್ಕ್ ಬೇಕು. ಈ ಕೆಲಸ ಕಲಿಯುವ ಹುಡುಗರಿಗೆ ಮೇಷ್ಟ್ರುಗಳು ಇಷ್ಟಾದರೂ ಹೇಳಿ.

ಹಸಿರು ಚೆನ್ನಾಗಿ ಬಂತು. ಪೇಪರು ಬಿಚ್ಚುವಾಗ ಆ ಹಾಳೆಯ ಮೇಲೆ ಹಸಿರು ಮಂಜು ಕೂತಿತ್ತು. ಅಕ್ಷರ ಓದಲು ಬರುತ್ತಿತ್ತು. ಹುಡುಗ ಮಡಚಿ ಟೂಲ್ ಡಬ್ಬಿಯಲ್ಲಿ ರಂಪಿಗೆಯ ಕೆಳಗೆ ಇಟ್ಟ. 2006ರಲ್ಲಿ ಕಂಬಾಲಪಲ್ಲಿಯ ಆರೋಪಿಗಳೆಲ್ಲ ಖುಲಾಸೆಯಾದರು. ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋದದ್ದು ಮಾತ್ರ ಯಾವ ತೀರ್ಪಿನಲ್ಲೂ ಸುಳ್ಳಾಗಲಿಲ್ಲ. ಎರಡೂ ಸಲ ನಾವೇ ಓದಿಕೊಂಡೆವು, ಹುಡುಗ ಓದಿ ಹೇಳಬೇಕಾಗಿರಲಿಲ್ಲ.

ಗ್ಲಾಸು ಕೂರಿಸೋದು ಬಿಚ್ಚುವಷ್ಟು ಕಷ್ಟವಲ್ಲ. ಹೊಸ ರಬ್ಬರನ್ನು ಗ್ಲಾಸಿಗೆ ಸುತ್ತ ಹಾಕಿ, ಬಾಡಿಯನ್ನು ಕಚ್ಚುವ ಗಾಡಿಯೊಳಗೆ ಸಣ್ಣ ಹಗ್ಗ ಓಡಿಸಿ, ಎರಡು ತುದಿಯನ್ನು ಒಳಗೆ ಬಿಟ್ಟುಕೊಂಡು, ಸೋಪಿನ ನೀರು ಬಳಿದು ಜಾಗಕ್ಕೆ ಇಟ್ಟೆವು. ಹೊರಗಿನವರು ಅಂಗೈಯಿಂದ ತಟ್ಟುತ್ತಾ ಹೋಗಬೇಕು, ಒಳಗಿನವನು ಹಗ್ಗ ಎಳೆಯುತ್ತಾ ಬರಬೇಕು. ಹಗ್ಗ ಬಂದ ಹಾಗೆಲ್ಲ ರಬ್ಬರಿನ ತುಟಿ ತಗಡನ್ನು ದಾಟಿ ಒಳಗೆ ಕೂರುತ್ತೆ. ಈಗಿನ ಗಾಡಿಗಳಿಗೆ ಈ ಹಗ್ಗವಿಲ್ಲ, ಯುರೇಥೇನ್ ಅಂಟು. ಬಿಚ್ಚಬೇಕಾದರೆ ತಂತಿ ತೂರಿಸಿ ಇಬ್ಬರು ಗರಗಸದ ಥರ ಎಳೆದಾಡಿ ಕೊಯ್ಯಬೇಕು. ಪಟ್ಟಿಗಳನ್ನು ತೊಲೆಯಿಂದ ಇಳಿಸಿ ಸಿಕ್ಕಿಸಿದೆವು. ಪೈಪಿನಲ್ಲಿ ನೀರು ಬಿಟ್ಟು ನೋಡಿದರೆ ಒಂದು ಹನಿ ಒಳಗೆ ಬರಲಿಲ್ಲ.

ಯಜಮಾನರು ಬಂದರು. ಗಾಡಿಯ ಸುತ್ತ ಮೂರು ಸುತ್ತು ಬಂದರು. ಖುಷಿಯಾಗಿತ್ತು. ಜೇಬಿನಿಂದ ಸ್ಟಿಕ್ಕರು ತೆಗೆದು ತಾವೇ ಗ್ಲಾಸಿಗೆ ಅಂಟಿಸಿದರು. ಅಂಟು ಸತ್ತಿತ್ತು, ನಿಲ್ಲಲಿಲ್ಲ. ಮತ್ತೆ ಜೇಬಿಗಿಟ್ಟರು. ಆಮೇಲೆ ಒಂದು ನೂರರ ನೋಟು ತೆಗೆದು ಬಾನೆಟ್ ಮೇಲೆ ಇಟ್ಟು, ‘ಟೀ ಕುಡೀರಿ’ ಅಂದರು.

ಹುಡುಗ ತೆಗೆದುಕೊಳ್ಳಲಿಲ್ಲ. ನಾವೂ ತೆಗೆದುಕೊಳ್ಳಲಿಲ್ಲ.

‘ಪೇಂಟು ಹಸಿ ಇದೆ ಸಾರ್, ಅಲ್ಲಿಡಬೇಡಿ. ಹುಡುಗನ ಕೈಗೆ ಕೊಡಿ’ ಅಂದರು ಭಾಯ್. ಪೇಂಟು ಒಣಗಿ ನಾಲ್ಕು ದಿನವಾಗಿತ್ತು. ಹುಡುಗ ಕೈ ಚಾಚಿ ನಿಂತ. ಯಜಮಾನರು ಓನರ ಮುಖ ನೋಡಿದರು, ಓನರು ಬೀದಿ ನೋಡುತ್ತಿದ್ದರು. ಕೊನೆಗೆ ನೋಟಿನ ಒಂದು ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಕೊಟ್ಟರು. ಇನ್ನೊಂದು ಮೂಲೆಯನ್ನು ಹುಡುಗ ಹಿಡಿದ.

ಮಾರನೆ ದಿನ ಒಂದು ಅಂಬಾಸಡರ್ ಬಂತು. ಗ್ಲಾಸು ಬಿಚ್ಚೋದು ಬೇಡ, ಟೇಪ್ ಹೊಡೆದು ಮುಗಿಸಿ ಅಂದರು ಅದರವರು. ಬಿಸಿನೀರು ಕಾಯಿಸೋಕೆ ಭಾಯ್ ಆಗಲೇ ಸ್ಟವ್ ಹಚ್ಚಿದ್ದರು.